ಹೆಚ್ಚಿದ ಕಾದಂಬರಿ

ನಮ್ಮೂರಿನ ಹೆಸರು ಹೇಳುವುದಿಲ್ಲ. ಹೇಳಿದರೆ ನಾಳೆ ಬೆಳಗಾಗುವುದರೊಳಗೆ ನಿಮ್ಮ ಮನೆಯ ರೋಗಿಗಳನ್ನೆಲ್ಲ ಗಾಡಿಗೆ ಹಾಕಿಕೊಂಡು ಬಂದು ನಮ್ಮ ಬಸ್‌ಸ್ಟ್ಯಾಂಡಿನಲ್ಲಿ ಮಲಗಿಸುತ್ತೀರಿ. ಹಾಗೆ ಬಂದವರನ್ನೂ ನೋಡಿದ್ದೇವೆ, ಬಂದ ಹಾಗೆಯೇ ಅಳುತ್ತ ಹೋದದ್ದನ್ನೂ ನೋಡಿದ್ದೇವೆ. ಹೊರಗಿನವರಿಗೆ ಅದು ಹತ್ತುವುದಿಲ್ಲ. ನಮ್ಮ ಮಣ್ಣಿನಲ್ಲಿ ಹುಟ್ಟಿದವರಿಗೂ ಇಲ್ಲಿಗೆ ಸೇರಿ ಹಳಬರಾದವರಿಗೂ ಮಾತ್ರ ಹತ್ತುತ್ತದೆ. ಹತ್ತಿದ್ದು ಪುಣ್ಯವೋ ಪಾಪವೋ ಎಂದು ನನ್ನನ್ನು ಕೇಳಬೇಡಿ. ಕಾಶೀಬಾಯಿಯ ಕಥೆ ಹೇಳುತ್ತೇನೆ, ಕೇಳಿ ನೀವೇ ಹೇಳಿ.

ನಮ್ಮಲ್ಲಿ ನಡೆಯುವುದು ಇಷ್ಟೇ. ಮೊಬೈಲಿನಲ್ಲಿ ಪುಕ್ಕಟೆ ಬರುವ ಕಾದಂಬರಿಯೊಂದನ್ನು ಒಬ್ಬರು ಇನ್ನೊಬ್ಬರಿಗೆ "ಚಲೋ ಐತಿ, ಓದು" ಎಂದು ಬಾಯಿಬಿಟ್ಟು ಹೇಳಬೇಕು. ಕೇಳಿದವರು ಅದರ ಮೊದಲ ಅಧ್ಯಾಯ ಓದಿದರೆ ಅಥವಾ ಯಾರಾದರೂ ಓದಿದ್ದು ಕಿವಿಗೆ ಬಿದ್ದರೆ ಸಾಕು, ಹತ್ತಿತು. ಆ ಕಾದಂಬರಿಯ ಕೊನೆಯನ್ನು ಬರೆಯುವವನು ಬರೆದು ಹಾಕುವವರೆಗೆ ಅವರಿಗೆ ಸಾವಿಲ್ಲ. ಓದುವುದನ್ನು ನಡುವೆ ಬಿಟ್ಟರೂ ಅದು ಅವರನ್ನು ಬಿಡುವುದಿಲ್ಲ. ಒಂದು ಹತ್ತಿದ ಮೇಲೆ ಅದು ತೀರುವವರೆಗೆ, ಕೊನೆ ಬರೆದಾಗಿದ್ದರೆ ಓದಿ ತೀರುವವರೆಗೆ, ಇನ್ನೊಂದು ಹತ್ತುವುದಿಲ್ಲ. ದುಡ್ಡು ಕೊಟ್ಟು ಓದುವಂಥದ್ದು ಹತ್ತುವುದಿಲ್ಲ, ಅಚ್ಚಾದ ಪುಸ್ತಕ ಹತ್ತುವುದಿಲ್ಲ, ತಾನೇ ಹುಡುಕಿಕೊಂಡು ಓದಿದ್ದೂ ಹತ್ತುವುದಿಲ್ಲ. ಮಾಯಾಲೋಕದ ಕಥೆ ಆದೀತು, ಆಕಾಶ, ನಕ್ಷತ್ರ, ಯಂತ್ರಮಾನವರ ಕಥೆ ಆದೀತು. ಸಂಸಾರದ ಕಾದಂಬರಿ ಮಾತ್ರ ಎಷ್ಟೇ ಉದ್ದವಿದ್ದರೂ ಹಿಡಿಯುವುದಿಲ್ಲ. ಅದರಲ್ಲಿ ಎರಡು ಅಧ್ಯಾಯಕ್ಕೊಬ್ಬರು ಸಾಯುತ್ತಲೇ ಇರುತ್ತಾರೆ, ಅದು ಇನ್ಯಾರನ್ನು ಉಳಿಸೀತು ಎಂದು ನಮ್ಮ ಹಿರಿಯರು ನಗುತ್ತಿದ್ದರು.

ಇದಕ್ಕೂ ಯುಕ್ತಿ ಹೂಡಿದವರು ಇದ್ದಾರೆ. ಕೊನೆ ಬರೆದಾಗಿರುವ ಕಾದಂಬರಿಯನ್ನು ಹಿಡಿದು, ದಿನಕ್ಕೆ ಎರಡು ಸಾಲು ಓದುತ್ತ ಕೂತರೆ ನೂರು ವರ್ಷ ಬದುಕಬಹುದಲ್ಲ ಎಂದು ನಮ್ಮ ಗೌಡರ ತಮ್ಮ ಲೆಕ್ಕ ಹಾಕಿದ್ದ. ಮೂರನೇ ಅಧ್ಯಾಯದಲ್ಲಿ ಎದೆ ಹಿಡಿದುಕೊಂಡು ಕೂತವನು ಏಳಲಿಲ್ಲ. ಕೊನೆ ಎನ್ನುವುದು ಎಲ್ಲೋ ಒಂದು ಕಡೆ ಇದೆ ಎಂದಾದರೆ ಸಾವಿಗೂ ದಾರಿ ಇದೆ ಎಂದೇ ಅರ್ಥ. ಆದ್ದರಿಂದ ನಮ್ಮೂರಿನವರು ಇನ್ನೂ ಬರೆಯುತ್ತಿರುವ ಕಾದಂಬರಿಗಳನ್ನು ಹುಡುಕುತ್ತಾರೆ. ಬರೆಯುವವನ ವಯಸ್ಸೆಷ್ಟು, ಆರೋಗ್ಯ ಹೇಗಿದೆ, ಮದುವೆಯಾಗಿದೆಯೇ ಎಂದೆಲ್ಲ ವಿಚಾರಿಸುತ್ತಾರೆ. ಹೆಣ್ಣು ಕೊಡುವವರು ಕೂಡ ಇಷ್ಟು ವಿಚಾರಿಸುವುದಿಲ್ಲ.

ಇಂಥ ಊರಿನಲ್ಲಿ ಕಾದಂಬರಿ "ಮುಗಿಯಿತು" ಎಂದು ಯಾರಾದರೂ ಬಾಯಿಬಿಟ್ಟು ಹೇಳುತ್ತಾರೆಯೇ? ದೀಪ ಆರಿತು ಅನ್ನದೆ ದೊಡ್ಡದಾಯಿತು ಅನ್ನುತ್ತೇವೆ. ಬಳೆ ಒಡೆಯಿತು ಅನ್ನದೆ ಹೆಚ್ಚಿತು ಅನ್ನುತ್ತೇವೆ. ಹಾಗೆಯೇ ಕಾದಂಬರಿಯೂ ಹೆಚ್ಚುತ್ತದೆ. "ಆ ಕಥಿ ಹೆಚ್ಚಿತಂತವಾ" ಎಂದು ಬಾವಿಕಟ್ಟೆಯಲ್ಲಿ ಒಬ್ಬಳು ಅಂದರೆ, ಅದನ್ನು ಹಿಡಿದ ಮನೆಯ ಹೆಂಗಸು ಕೊಡ ಅಲ್ಲೇ ಬಿಟ್ಟು ಓಡುತ್ತಾಳೆ.

ಕಾಶೀಬಾಯಿ ಮತ್ತು ನೀಲಾಂಬಿಕೆ ನಮ್ಮ ಗೋಡೆಯಾಚೆಯ ಮನೆಯ ನೆಗೆಣ್ಣಿಯರು. ಅಣ್ಣನ ಹೆಂಡತಿ ಕಾಶೀಬಾಯಿ, ತಮ್ಮನ ಹೆಂಡತಿ ನೀಲಾಂಬಿಕೆ. ಎರಡು ಜಡೆ ಒಂದು ಕಡೆ ಸೇರುವುದಿಲ್ಲ ಎನ್ನುತ್ತಾರಲ್ಲ, ಈ ಮನೆಯಲ್ಲಿ ಆ ಮಾತು ಸುಳ್ಳಾಗಿತ್ತು. ಕಾಶೀಬಾಯಿಯ ಗಂಡ ಬೇಗ ಹೋದ. ನೀಲಾಂಬಿಕೆಯ ಗಂಡ ಲಾರಿ ಓಡಿಸುತ್ತ ವರ್ಷದಲ್ಲಿ ಮುಕ್ಕಾಲು ಪಾಲು ಹೊರಗೆ. ಇಬ್ಬರೂ ಒಲೆಯ ಮುಂದೆ ಕೂತು, ಹಿಟ್ಟಿನ ಡಬ್ಬಿಗೆ ಮೊಬೈಲು ಒರಗಿಸಿ, ಒಬ್ಬಳು ರೊಟ್ಟಿ ಬಡಿಯುತ್ತ ಇನ್ನೊಬ್ಬಳು ಬೇಯಿಸುತ್ತ ಓದುತ್ತಿದ್ದರು. ಪರದೆಯ ಮೇಲೆ ಯಾವಾಗಲೂ ಜೋಳದ ಹಿಟ್ಟು. ಮದುವೆಯಾಗಿ ಬಂದಾಗ ನೀಲಾಂಬಿಕೆಗೆ ಓದುವ ರೂಢಿಯೇ ಇರಲಿಲ್ಲ, ಹಚ್ಚಿದವಳು ಕಾಶೀಬಾಯಿ. "ಹಾರೂ ಗುಡ್ಡದ ಕಥಿ ಒಂದೈತಿ, ಓದು", "ಕಬ್ಬಿಣದ ಮನಿಷಾ ಅಳೂದು ಕಲಿತಾನ, ಓದು" ಎಂದು ಒಂದರ ಹಿಂದೆ ಒಂದು ಹೇಳುತ್ತ ಹೋದಳು. ಸಾವಿನ ಲೆಕ್ಕ ಇಬ್ಬರಿಗೂ ಇರಲಿಲ್ಲ. ಚೆನ್ನಾಗಿದ್ದದ್ದನ್ನು ಇನ್ನೊಬ್ಬರಿಗೆ ಹೇಳದೆ ಇರಲಾಗದು ಎನ್ನುವ ಚಪಲ, ಅಷ್ಟೇ.

ಕೆಲವು ವರ್ಷಗಳಲ್ಲಿ ನೀಲಾಂಬಿಕೆಯೇ ಊರಿಗೆ ಹೇಳುವವಳಾದಳು. ವೈದ್ಯರ ಕೈಗುಣ ಎನ್ನುವ ಹಾಗೆ ಅವಳದು ಬಾಯಿಗುಣ ಎಂದು ಜನ ಆಡಿಕೊಳ್ಳುತ್ತಿದ್ದರು. ಅವಳು ಹೇಳಿದ್ದು ಬೇಗ ಹೆಚ್ಚುತ್ತಿರಲಿಲ್ಲ. ಬರೆಯುವವನಿಗೆ ಬೇಸರ ಬರುತ್ತಿರಲಿಲ್ಲ. ತಾನು ಓದದೆ ಯಾವುದನ್ನೂ ಹೇಳುತ್ತಿರಲಿಲ್ಲ. ಯಾರಿಗೆ ಯಾವುದು ಒಗ್ಗುತ್ತದೆ ಎಂದು ನೋಡಿ ಹೇಳುತ್ತಿದ್ದಳು: ಸಿಡುಕು ಮುದುಕರಿಗೆ ಯುದ್ಧದ ಕಥೆ, ಮಕ್ಕಳಿಲ್ಲದವರಿಗೆ ಡ್ರ್ಯಾಗನ್ ಮರಿ ಸಾಕುವ ಕಥೆ.

ಕಾಶೀಬಾಯಿಯ ಹೊಟ್ಟೆಯಲ್ಲಿ ಗಡ್ಡೆ ಕಾಣಿಸಿಕೊಂಡಾಗ ಅವಳ ಕೈಯಲ್ಲಿ ಮಂಜಿನ ಸಾಮ್ರಾಜ್ಯದ ಕಾದಂಬರಿಯೊಂದು ಇತ್ತು. ಬೇರೆ ಊರಾಗಿದ್ದರೆ ಅವಳು ಆ ವರ್ಷವೇ ಹೋಗುತ್ತಿದ್ದಳು. ಇಲ್ಲಿ ಕಾದಂಬರಿ ನಡೆಯುತ್ತಲೇ ಇತ್ತು. ಗಡ್ಡೆ ಬೆಳೆಯಿತು, ಅಧ್ಯಾಯಗಳೂ ಬೆಳೆದವು. ಅನ್ನ ಬಿಟ್ಟಳು, ಗಂಜಿ ಬಿಟ್ಟಳು, ನೀರು ಕುಡಿದರೂ ವಾಂತಿಯಾಗುವ ಹಂತ ಬಂತು. ಮೈ ಚಕ್ಕಳವಾಯಿತು. ಸೂಜಿ ಹಾಕಲು ಬರುವ ನರ್ಸಮ್ಮ ನರ ಹುಡುಕಿ ಹುಡುಕಿ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಆ ಸೂಜಿ ಕೂಡ ಒಂದು ಹೊತ್ತಿನ ಮೇಲೆ ಕೆಲಸ ಮಾಡುತ್ತಿರಲಿಲ್ಲ. ಕಾಶೀಬಾಯಿ ಕೂಗುವವಳಲ್ಲ. ಸೆರಗು ಬಾಯಿಗೆ ತುರುಕಿಕೊಂಡು ಹಲ್ಲು ಕಚ್ಚುತ್ತಿದ್ದಳು. ಆ ಸದ್ದು ನಮ್ಮ ಗೋಡೆ ದಾಟಿ ಬರುತ್ತಿತ್ತು; ನಾವು ರೇಡಿಯೋ ಹಚ್ಚುತ್ತಿದ್ದೆವು. ಇನ್ನೇನು ಮಾಡುವುದು?

ಅವಳ ಮಗ ಮಹಾಂತೇಶ, ಅವ್ವನ ಬಾಯಲ್ಲಿ ಮಾಂತ್ಯಾ, ಹಿಟ್ಟಿನ ಗಿರಣಿ ನಡೆಸುವವನು. ಅಪ್ಪನನ್ನು ಚಿಕ್ಕಂದಿನಲ್ಲೇ ಕಳೆದುಕೊಂಡವನು. ಅಪ್ಪ ಹೋದದ್ದು ಒಂದು ಕಾದಂಬರಿ ಹೆಚ್ಚಿದ ದಿನ, ಇನ್ನೊಂದನ್ನು ಹೇಳುವವರು ಬರುವಷ್ಟರಲ್ಲಿ ಹೊತ್ತು ಮೀರಿತ್ತು. ಅಂದಿನಿಂದ ಅವನಿಗೆ ಒಂದೇ ಹಟ, ಅವ್ವನ ವಿಷಯದಲ್ಲಿ ಹಾಗಾಗಬಾರದು. ಮಂಜಿನ ಸಾಮ್ರಾಜ್ಯ ಬರೆಯುವವನು ಇನ್ನು ಒಂದೆರಡು ವಾರದಲ್ಲಿ ಕೊನೆ ಎಂದು ಪ್ರಕಟಿಸಿದಾಗ ಮಹಾಂತೇಶ ಗಿರಣಿಗೆ ಬೀಗ ಹಾಕಿ ಮನೆಮನೆ ತಿರುಗಿದ. ಎಲ್ಲಕ್ಕಿಂತ ಉದ್ದನೆಯದು ಯಾವುದು, ಎಲ್ಲಕ್ಕಿಂತ ಸಣ್ಣ ವಯಸ್ಸಿನವನು ಬರೆಯುತ್ತಿರುವುದು ಯಾವುದು ಎಂದು ಕೇಳಿದ್ದೇ ಕೇಳಿದ್ದು.

ಒಂದು ಮಧ್ಯಾಹ್ನ ನೀಲಾಂಬಿಕೆ ತಲೆ ಬಾಚುತ್ತಿದ್ದಾಗ ಕಾಶೀಬಾಯಿ ಅವಳ ಕೈ ಹಿಡಿದಳು. ಉದುರಿದ ಕೂದಲು ಬಾಚಣಿಗೆ ತುಂಬ ಬಂದಿತ್ತು.

"ನೀಲಾ, ಈ ಸಲ ನೀ ಹೇಳು. ಮಾಂತ್ಯಾನ ಬಾಯಿಂದ ಬ್ಯಾಡ."

"ನಾನೇ ಹೇಳತೀನಕ್ಕ. ಚಲೋದು ಹುಡುಕೀನಿ, ನೀರೊಳಗಿನ ಊರಿನ ಕಥಿ. ಇನ್ನೂ ಹತ್ತು ವರ್ಷ ನಡಸ್ತಾನಂತ."

"ಹತ್ತು ವರ್ಷ" ಎಂದು ಕಾಶೀಬಾಯಿ ಆ ಮಾತನ್ನು ಕೈಯಲ್ಲಿಟ್ಟು ತೂಗುವ ಹಾಗೆ ಅಂದಳು. "ಹತ್ತು ದಿನ ತಡಕೊಳ್ಳಾಕ ಆಗವಲ್ದು. ಹೆಚ್ಚಿದ್ದೊಂದು ಹೇಳು ನಂಗ. ಸಣ್ಣದು. ಚಂದನ್ನದು. ಓದಕೋತ ಹೋಗತೀನಿ."

ನೀಲಾಂಬಿಕೆ ಬಾಚಣಿಗೆ ಕೆಳಗಿಟ್ಟಳು. ಏನೂ ಹೇಳದಿದ್ದರೆ ಆಗುತ್ತಿರಲಿಲ್ಲವೇ ಎಂದು ನೀವು ಕೇಳಬಹುದು. ಆಗುತ್ತಿರಲಿಲ್ಲ. ಮಂಜಿನ ಸಾಮ್ರಾಜ್ಯ ಹೆಚ್ಚಿದ ಗಳಿಗೆಯಲ್ಲೇ ಮಹಾಂತೇಶ ತನ್ನ ಉದ್ದನೆಯ ಕಾದಂಬರಿಯ ಮೊದಲ ಅಧ್ಯಾಯವನ್ನು ಅವ್ವನ ಕಿವಿಯಲ್ಲಿ ಓದುವವನೇ. ಅವನಿಗಿಂತ ಮೊದಲು ಬೇರೊಂದನ್ನು ಹಚ್ಚಿದರೆ ಮಾತ್ರ ಅವನದು ಹತ್ತುವುದಿಲ್ಲ. ಆ ಬೇರೊಂದು ಕೊನೆ ಇರುವುದಾಗಿದ್ದರೆ ಕಾಶೀಬಾಯಿ ಅದನ್ನು ಓದುತ್ತ ಯಾವುದೋ ಒಂದು ಪುಟದಲ್ಲಿ ಬಿಡುಗಡೆಯಾಗುತ್ತಾಳೆ. ಆದರೆ ರೋಗಿಗೆ ಹೆಚ್ಚಿದ ಕಾದಂಬರಿ ಹೇಳುವುದೆಂದರೆ ನಮ್ಮೂರಲ್ಲಿ ವಿಷ ಇಟ್ಟ ಹಾಗೆ. ಹಾಗೆ ಮಾಡಿದವರನ್ನು ಊರು ಕ್ಷಮಿಸುವುದಿಲ್ಲ, ಅವರಿಗೆ ಮುಂದೆ ಯಾರೂ ಏನನ್ನೂ ಹೇಳುವುದಿಲ್ಲ.

"ನನ್ನ ಕೈಯಿಂದ ಮಾಡಸ್ತಿ ಏನಕ್ಕ ಇದನ್ನ?" ಎಂದಳು.

"ಇನ್ಯಾರ ಕೈಯಿಂದ ಮಾಡಸಲಿ? ನಂಗ ಯಾರದಾರ ನಿನ್ನ ಬಿಟ್ರ?"

ಅಂದು ಸಂಜೆಯವರೆಗೂ ನೀಲಾಂಬಿಕೆ ಹಿತ್ತಲಲ್ಲಿ ಕೂತು ಅತ್ತಳು. ಅತ್ತು ಎದ್ದು ಮುಖ ತೊಳೆದುಕೊಂಡಾಗ ಮನಸ್ಸು ಗಟ್ಟಿಯಾಗಿತ್ತು. ಮಹಾಂತೇಶನನ್ನು ಕರೆದು, "ಅಕ್ಕಗ ನಾನೇ ಹೇಳತೀನಿ, ನೀ ಓಡ್ಯಾಡಬ್ಯಾಡ" ಎಂದಳು. ಅವನಿಗೆ ಜೀವ ಬಂದ ಹಾಗಾಯಿತು. "ನೀ ಹೇಳಿದ್ರ ಮುಗೀತು ಬಿಡು ಕಾಕಿ" ಎಂದವನು, ಬಾಯಿಂದ ಆ ಮಾತು ಬಂದದ್ದಕ್ಕೆ ನಾಲಿಗೆ ಕಚ್ಚಿಕೊಂಡು ಕೆನ್ನೆಗೆ ಹೊಡೆದುಕೊಂಡ. ಅವಳು ಅವನ ಮುಖ ನೋಡಲಾರದೆ ಒಲೆಯ ಕಡೆ ತಿರುಗಿದಳು.

ಈಗ ಹೆಚ್ಚಿದ ಕಾದಂಬರಿ ಎಲ್ಲಿಂದ ತರುವುದು? ಊರಿನ ಓದುಗರನ್ನು ಕೇಳುವಂತಿಲ್ಲ. ಕೇಳಿದರೆ ಯಾಕೆ ಎಂದು ಗೊತ್ತಾಗುತ್ತದೆ. ತಾನು ಓದಿದ್ದರಲ್ಲಿ ಹೆಚ್ಚಿದವುಗಳನ್ನೆಲ್ಲ ಕಾಶೀಬಾಯಿಯೂ ಓದಿದ್ದಾಳೆ, ಒಂದೇ ಒಲೆಯ ಮುಂದೆ. ಒಮ್ಮೆ ಕೊನೆಯವರೆಗೆ ಓದಿದ್ದು ಎರಡನೇ ಸಲ ಹತ್ತುವುದಿಲ್ಲ. ಹೊಸದೇ ಬೇಕು. ಆಗ ಅವಳಿಗೆ ನೆನಪಾದವಳು ಓಣಿಯ ತುದಿಯ ಮನೆಗೆ ಹೊಸದಾಗಿ ಸೊಸೆಯಾಗಿ ಬಂದ ಮೇಘನಾ.

ಮೇಘನಾ ಹೊರಗಿನ ಹುಡುಗಿ. ಅವಳಿಗೂ ಓದುವ ಹುಚ್ಚು. ನಮ್ಮವರು ಕೇಳದ ಎಷ್ಟೋ ಕಾದಂಬರಿಗಳು ಅವಳ ಮೊಬೈಲಿನಲ್ಲಿದ್ದವು. ಆದರೆ ಊರಿನ ವಿಷಯ ಅವಳಿಗೆ ಗೊತ್ತಿರಲಿಲ್ಲ. ಹೊಸ ಸೊಸೆಯರಿಗೆ ಮೊದಲ ವರ್ಷ ನಾವು ಅದನ್ನು ಹೇಳುವುದಿಲ್ಲ. ಹೆದರಿ ತವರಿಗೆ ಓಡಿಬಿಟ್ಟರೆ? ಊರಿಗೆ ಬಂದವಳು ನೀರಿಗೆ ಬರದೆ ಇರುತ್ತಾಳೆಯೇ, ನಿಧಾನಕ್ಕೆ ತಾನೇ ತಿಳಿದುಕೊಳ್ಳುತ್ತಾಳೆ ಎಂದು ಬಿಡುತ್ತೇವೆ. ಈ ಬಿಡುವಿಕೆಯೇ ಮುಳುವಾಯಿತು.

ನೀಲಾಂಬಿಕೆ ಸಕ್ಕರೆ ಕೇಳುವ ನೆಪದಲ್ಲಿ ಹೋದಳು. ಆ ಮಾತು ಈ ಮಾತು ಆಡಿ, ಓದುವುದರ ಸುದ್ದಿ ತೆಗೆದಳು. ಮೇಘನಾಳ ಮುಖ ಅರಳಿತು. ಉಪ್ಪಿನ ಚಂದ್ರ ಎನ್ನುವ ಕಾದಂಬರಿ ಓದುತ್ತಿದ್ದೇನೆ ಎಂದಳು. ಇಡೀ ಚಂದ್ರನೇ ಉಪ್ಪಿನದು, ಅದನ್ನು ಅಗೆದು ಬದುಕುವ ಜನ, ಅವರಲ್ಲಿ ಒಬ್ಬ ಹುಡುಗಿಗೆ ಒಂದು ದಿನ ಉಪ್ಪಿನೊಳಗೆ ಸಮುದ್ರದ ಸದ್ದು ಕೇಳಿಸುತ್ತದೆ. ನೀಲಾಂಬಿಕೆ ಕೇಳುತ್ತ ಕೇಳುತ್ತ ಇದು ಅಕ್ಕನಿಗೇ ಬರೆದದ್ದು ಎಂದುಕೊಂಡಳು. ಸೆರಗಿನ ತುದಿ ಸುತ್ತುತ್ತ ಕೇಳಿದಳು:

"ಅದು ಹೆಚ್ಚೈತೇನವಾ?"

"ಹೂಂ ರೀ ಅಕ್ಕಾರ, ಹೆಚ್ಚೈತ್ರಿ" ಎಂದಳು ಮೇಘನಾ. "ಈಗೀಗ ಭಾಳ ಹೆಚ್ಚೈತಿ."

ಭಾಳ ಹೆಚ್ಚೈತಿ! ಮುಗಿದದ್ದು ಕಡಿಮೆ ಮುಗಿಯುತ್ತದೆಯೇ, ಬಹಳ ಮುಗಿಯುತ್ತದೆಯೇ? ಬೇರೆ ದಿನವಾಗಿದ್ದರೆ ನೀಲಾಂಬಿಕೆ ಅಲ್ಲೇ ತಡೆದು ಕೇಳುತ್ತಿದ್ದಳು. ಅಂದು ಅವಳ ಕಿವಿಗೆ ಬೇಕಾದ ಮಾತು ಒಂದೇ, ಅದು ಬಿತ್ತು, ಅಷ್ಟಕ್ಕೇ ಎದ್ದು ಬಂದಳು. ಮೊದಲು ತಾನು ಓದಿ ನೋಡುವ ಪದ್ಧತಿಯನ್ನೂ ಬಿಟ್ಟಳು. ಅಕ್ಕನನ್ನು ಕಳುಹಿಸುವ ಕಾದಂಬರಿಯನ್ನು ಕೂತು ಸವಿಯುವುದು ಹೇಗೆ ಎಂದು ಅವಳಿಗೆ ಹೇಸಿಗೆಯಾಯಿತು. ಆ ಕಾದಂಬರಿ ಬರೆಯುವವನದೇ ಒಂದು ಪುಟ್ಟ ತಾಣದಲ್ಲಿತ್ತು. ಒಂದು ಅಧ್ಯಾಯದ ಕೆಳಗೆ ಮುಂದಿನದಕ್ಕೆ ಗುಂಡಿ, ಅಷ್ಟೇ. ಎಷ್ಟಿದೆ, ಎಲ್ಲಿ ನಿಲ್ಲುತ್ತದೆ ಎಂದು ಹೊರಗಿನಿಂದ ತಿಳಿಯುವಂತಿರಲಿಲ್ಲ.

ಮಂಜಿನ ಸಾಮ್ರಾಜ್ಯ ಹೆಚ್ಚಿದ ದಿನ ಮಹಾಂತೇಶ ಬಾಗಿಲಲ್ಲೇ ನಿಂತಿದ್ದ. ನೀಲಾಂಬಿಕೆ ಮಂಚದ ಪಕ್ಕ ಕೂತು, "ಉಪ್ಪಿನ ಚಂದ್ರ ಅಂತಕ್ಕ, ಚಲೋ ಐತಿ, ಓದು" ಎಂದಳು. ಕಾಶೀಬಾಯಿ ಅವಳ ಕಣ್ಣನ್ನೇ ನೋಡಿದಳು, ಅರ್ಥವಾಯಿತು, ಹೂಂ ಎಂದಳು. ನೀಲಾಂಬಿಕೆ ಮೊದಲ ಅಧ್ಯಾಯ ಓದಿ ಮುಗಿಸುತ್ತಲೇ ಮಹಾಂತೇಶ ನಿಟ್ಟುಸಿರು ಬಿಟ್ಟು ಗಿರಣಿಗೆ ಹೋದ. ಹೋಗುವಾಗ ಕಾಕಿಯ ಕಾಲು ಮುಟ್ಟಿ ನಮಸ್ಕಾರ ಮಾಡಿದ.

ಅಂದಿನಿಂದ ಇಬ್ಬರ ವಿದಾಯ ಶುರುವಾಯಿತು ಎಂದು ಇಬ್ಬರೂ ತಿಳಿದಿದ್ದರು. ಪ್ರತಿ ಅಧ್ಯಾಯವೂ ಕೊನೆಯದಿರಬಹುದು. ನೀಲಾಂಬಿಕೆ ಓದುತ್ತಿದ್ದಳು, ಕಾಶೀಬಾಯಿ ಕಣ್ಣು ಮುಚ್ಚಿ ಕೇಳುತ್ತಿದ್ದಳು. ನೋವು ಬಂದಾಗ ಓದು ನಿಲ್ಲಿಸಿ ಕೈ ಹಿಡಿದು ಕೂರುತ್ತಿದ್ದರು. ನೋವು ಇಳಿದಾಗ ಕಾಶೀಬಾಯಿ, "ಆ ಹುಡುಗಿ ಬಾವಿಗಿಳಿದ್ಲಲ್ಲ, ಮುಂದ?" ಎನ್ನುತ್ತಿದ್ದಳು. ಹಳೆಯ ಮಾತುಗಳನ್ನೆಲ್ಲ ಆಡಿದರು. ತನ್ನ ಓಲೆ ಯಾರಿಗೆ, ಸೀರೆ ಯಾರಿಗೆ ಎಂದು ಹೇಳಿದಳು. ಮಾಂತ್ಯಾಗ ಬೇಗ ಮದುವೆ ಮಾಡು, ಒಬ್ಬನೇ ಆದರೆ ಊಟ ಮಾಡುವುದಿಲ್ಲ ಎಂದಳು. ಹೇಳಬೇಕಾದದ್ದೆಲ್ಲ ಹೇಳಿ ಆಯಿತು. ಸಾವು ಮಾತ್ರ ಬರಲಿಲ್ಲ.

ವಾರ ಕಳೆಯಿತು, ಪಕ್ಷ ಕಳೆಯಿತು. "ಯಾಕ ನೀಲಾ, ನಂಗ ದಾರಿ ಸಿಗವಲ್ದಲ್ಲ?" ಎಂದು ಕಾಶೀಬಾಯಿ ಕೇಳಿದಳು. ನೀಲಾಂಬಿಕೆಗೂ ತಿಳಿಯಲಿಲ್ಲ. ಕೊನೆಯ ಅಧ್ಯಾಯದಲ್ಲಿ ಬರಬಹುದು ಎಂದುಕೊಂಡಳು. ಅಡುಗೆ ಬಿಟ್ಟಳು, ನಿದ್ದೆ ಬಿಟ್ಟಳು, ಓದಿದಳು. ಗಂಟಲು ಬಿದ್ದು ಹೋಯಿತು, ಆದರೂ ಓದಿದಳು. ಕೊನೆಗೊಂದು ಬೆಳಿಗ್ಗೆ "ತಳದ ಮೆಟ್ಟಿಲು" ಎನ್ನುವ ಅಧ್ಯಾಯಕ್ಕೆ ಬಂದರು. ಹುಡುಗಿ ಉಪ್ಪಿನ ತಳ ಮುಟ್ಟಿದಳು, ಅಲ್ಲೊಂದು ಬಾಗಿಲಿತ್ತು, ಅವಳು ಅದರ ಮೇಲೆ ಕೈಯಿಟ್ಟಳು. ಅದರ ಕೆಳಗೆ ಮುಂದಿನದಕ್ಕೆ ಗುಂಡಿ ಇರಲಿಲ್ಲ. ನೀಲಾಂಬಿಕೆ ಮೊಬೈಲು ಕೆಳಗಿಟ್ಟು ಅಕ್ಕನ ತಲೆಯನ್ನು ತೊಡೆಯ ಮೇಲೆ ತೆಗೆದುಕೊಂಡಳು. ಇಬ್ಬರೂ ಕಾದರು. ಬೀದಿಯಲ್ಲಿ ಸೊಪ್ಪು ಮಾರುವವಳು ಕೂಗುತ್ತ ಹೋದಳು, ಬಿಸಿಲು ಹೊಸ್ತಿಲು ದಾಟಿ ಒಳಗೆ ಬಂತು. ಏನೂ ಆಗಲಿಲ್ಲ. ಆಮೇಲೆ ಅವಳು ಮೊಬೈಲು ಎತ್ತಿ ಪುಟದ ತಳಕ್ಕೆ ಹೋದಾಗ, ಅಲ್ಲಿ ಸಣ್ಣ ಅಕ್ಷರದಲ್ಲಿ ಬರೆಯುವವನ ಮಾತಿತ್ತು: "ಇವತ್ತಿಗೆ ಇಷ್ಟು. ಬಾಗಿಲಾಚೆ ಏನಿದೆ ಅಂತ ನಿಧಾನಕ್ಕೆ ನೋಡೋಣ. ಕಥೆ ಈಗ ತಾನೇ ಶುರುವಾಗಿದೆ!"

ಅವಳು ಕೆದರಿದ ತಲೆಯಲ್ಲೇ ಓಣಿಯ ತುದಿಗೆ ಓಡಿದ್ದನ್ನು ನಾನೇ ನೋಡಿದೆ. ಮೇಘನಾ ಅಂಗಳಕ್ಕೆ ಸಗಣಿ ನೀರು ಚಿಮುಕಿಸುತ್ತಿದ್ದಳು.

"ಹೆಚ್ಚೈತಿ ಅಂದ್ಯಲ್ಲವಾ? ನೀನೇ ಹೇಳಿದಿ ಹೆಚ್ಚೈತಿ ಅಂತ."

ಆ ಹುಡುಗಿ ಗಾಬರಿಯಾದಳು. "ಹೌದಲ್ರಿ ಅಕ್ಕಾರ. ಮೊದ್ಲ ವಾರಕ್ಕೊಂದು ಬರೀತಿದ್ರು, ಈಗ ದಿನಾ ಒಂದು ಬರೀತಾರ. ಹೆಚ್ಚಾಗೈತಲ್ರಿ? ಏನಾತ್ರಿ?"

ನೀಲಾಂಬಿಕೆ ಅಲ್ಲೇ ಒದ್ದೆ ಅಂಗಳದಲ್ಲಿ ಕೂತುಬಿಟ್ಟಳು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಹುಡುಗಿ ನೀರು ತಂದು ಕೊಟ್ಟಳು, ಬೆನ್ನು ಸವರಿದಳು, ನಾನೇನು ತಪ್ಪು ಮಾಡಿದೆ ಎಂದು ಮತ್ತೆ ಮತ್ತೆ ಕೇಳಿದಳು. "ನಿಂದೇನಿಲ್ಲವಾ" ಎಂದಳು ನೀಲಾಂಬಿಕೆ. ನಿಜಕ್ಕೂ ಅವಳದೇನೂ ಇರಲಿಲ್ಲ. ಅವಳ ತವರಿನಲ್ಲಿ ಹೆಚ್ಚು ಎಂದರೆ ಹೆಚ್ಚೇ.

ಅದಾದ ಮೇಲೆ ಆದದ್ದು ಇನ್ನೂ ಕೆಟ್ಟದ್ದು. ಮಹಾಂತೇಶ ಸುಮ್ಮನಿರುವವನೇ? ಗಿರಣಿಗೆ ಬಂದವರಿಗೆಲ್ಲ ಹೇಳಿದ: ಕಾಕಿ ಹುಡುಕಿದ ಕಾದಂಬರಿ, ದಿನಕ್ಕೊಂದು ಅಧ್ಯಾಯ, ಬರೆಯುವವನು ಇನ್ನೂ ಮೀಸೆ ಚಿಗುರುವ ಹುಡುಗ. ನೀಲಾಂಬಿಕೆಯ ಬಾಯಿಗುಣದ ಮೇಲೆ ಊರಿಗೆ ಮೊದಲೇ ನಂಬಿಕೆ. ಕೈಯಲ್ಲಿದ್ದದ್ದು ಹೆಚ್ಚಿದವರೆಲ್ಲ ಉಪ್ಪಿನ ಚಂದ್ರ ಹಿಡಿದರು. ಒಬ್ಬರಿಗೊಬ್ಬರು ಹೇಳಿದರು, ಓಣಿಯಿಂದ ಓಣಿಗೆ ಹೋಯಿತು. ಎದುರು ಮನೆಯ ದೇವಕ್ಕನ ಮಗಳು ಸುಮಿತ್ರೆ, ಹೃದಯದಲ್ಲಿ ತೂತಿದ್ದವಳು, ಓಡಿದರೆ ತುಟಿ ನೀಲಿಯಾಗುತ್ತಿದ್ದವಳು, ಅವಳಿಗೂ ದೇವಕ್ಕ ಅದನ್ನೇ ಹಚ್ಚಿದಳು. ಆ ಹುಡುಗಿ ದಿನಾ ಅಧ್ಯಾಯ ಬಂದ ಕೂಡಲೇ ಓದಿ ಅಂಗಳದಲ್ಲಿ ಕುಣಿಯುತ್ತಿದ್ದಳು.

ಕಾಶೀಬಾಯಿಗೆ ನಿಜ ಹೇಳಲು ನೀಲಾಂಬಿಕೆಗೆ ಬಾಯಿ ಬರಲಿಲ್ಲ. ಹೇಳುವ ಮೊದಲು ಒಂದು ಪ್ರಯತ್ನ ಮಾಡಿ ನೋಡೋಣ ಎಂದು, ಆ ದಿನದ ಅಧ್ಯಾಯದ ಕೆಳಗೆ ಓದುಗರು ಬರೆಯುವ ಜಾಗದಲ್ಲಿ ಬರೆದಳು: "ತಮ್ಮಾ, ನಿನ್ನ ಕಥೆ ಬಹಳ ಚೆನ್ನಾಗಿದೆ. ದಯವಿಟ್ಟು ಆದಷ್ಟು ಬೇಗ ಮುಗಿಸು. ನಮ್ಮ ಅಕ್ಕ ಬಹಳ ಕಷ್ಟದಲ್ಲಿದ್ದಾಳೆ. ಕೈ ಮುಗಿಯುತ್ತೇನೆ."

ಅದನ್ನು ಮೊದಲು ಓದಿದ್ದು ಬರೆಯುವವನಲ್ಲ, ನಮ್ಮೂರು. ಮಧ್ಯಾಹ್ನ ಆಗುವಷ್ಟರಲ್ಲಿ ಮನೆ ಮುಂದೆ ಜನ ಸೇರಿದರು. ಯಾರೂ ಕಲ್ಲು ಎತ್ತಲಿಲ್ಲ, ಬೈಯಲಿಲ್ಲ. ದೇವಕ್ಕ ಮಗಳ ಕೈ ಹಿಡಿದು ಮುಂದೆ ಬಂದಳು. ಹತ್ತಿರ ಹತ್ತಿರ ಹತ್ತು ವರ್ಷದ ಹುಡುಗಿ, ಎರಡು ಜಡೆ, ರಿಬ್ಬನ್ನು.

"ನೀಲಕ್ಕಾ, ಮುಗಿಸಂತ ಬರದಿ ಅಂತಲ್ಲ. ಈಕಿನ್ನ ನೋಡಿ ಹೇಳು, ಮುಗಿಸಲಿ ಅಂತ. ಈಕಿ ಮುಖಾ ನೋಡಿ ಒಂದ ಸಲ ಹೇಳು."

ನೀಲಾಂಬಿಕೆ ನೋಡಿದಳು. ಹುಡುಗಿಗೆ ಏನೂ ತಿಳಿದಿರಲಿಲ್ಲ. "ದೊಡ್ಡವ್ವಾ, ಬಾಗಿಲಾಚೆ ಸಮುದ್ರ ಇರತೈತೇನ?" ಎಂದು ಕೇಳಿತು. ಹಿಂದೆ ಮಹಾಂತೇಶ ನಿಂತಿದ್ದ, ಮೈತುಂಬ ಹಿಟ್ಟು. ಅವನು ಒಂದೇ ಒಂದು ಮಾತು ಕೇಳಿದ: "ಕಾಕಿ, ನೀ ಅವ್ವಗ ಅದನ್ನ ಹೆಚ್ಚಿದ್ದು ಅಂತ ತಿಳಕೊಂಡ ಹಚ್ಚಿದ್ಯಾ?" ಅವಳು ತಲೆ ತಗ್ಗಿಸಿದಳು. ಅವನು ಅಲ್ಲಿಂದ ಹೋದ. ಎಲ್ಲರ ಮುಂದೆಯೇ ಅವಳು ತಾನು ಬರೆದದ್ದನ್ನು ಅಳಿಸಿದಳು. ಇಲ್ಲೊಬ್ಬಳ ನರಳಾಟ, ಅಲ್ಲಿ ಊರಿನ ಅರ್ಧದಷ್ಟು ಜನರ ಉಸಿರು. ತಕ್ಕಡಿ ಹಿಡಿಯುವ ಧೈರ್ಯ ಯಾರಿಗಿದೆ?

ಆದರೆ ಅಳಿಸುವ ಮೊದಲೇ ಬರೆಯುವವನು ಓದಿದ್ದನಂತೆ. ಮರುದಿನದ ಅಧ್ಯಾಯದ ಕೆಳಗೆ ಉತ್ತರ ಹಾಕಿದ್ದ. "ಓದುಗ ಅಕ್ಕನೊಬ್ಬರು ಬೇಗ ಮುಗಿಸು ಎಂದು ಬರೆದಿದ್ದರು. ಅವರ ಅಕ್ಕನಿಗೆ ಮುಂದೇನು ಎಂಬ ಕುತೂಹಲ ತಡೆಯಲಾಗದೆ ಕಷ್ಟವಾಗುತ್ತಿದೆಯಂತೆ! ಬರೆಯುವವನಿಗೆ ಇದಕ್ಕಿಂತ ದೊಡ್ಡ ಬಹುಮಾನ ಯಾವುದಿದೆ? ಅಕ್ಕಾ, ನಿಮ್ಮ ಮಾತು ಓದಿ ನಿರ್ಧಾರ ಮಾಡಿದೆ. ಉಪ್ಪಿನ ಚಂದ್ರವನ್ನು ನನ್ನ ಬದುಕಿಡೀ ಬರೆಯುತ್ತೇನೆ. ನನಗೀಗ ಇಪ್ಪತ್ತೆರಡು. ನಮ್ಮಜ್ಜ ತೊಂಬತ್ತಾರು ಬಾಳಿದರು, ನಮ್ಮ ಮನೆತನ ಗಟ್ಟಿ."

ಊರಿನಲ್ಲಿ ಪೇಢೆ ಹಂಚಿದರು. ದೇವಕ್ಕ ನಮ್ಮ ಮನೆಗೂ ತಂದು ಕೊಟ್ಟಳು. ತಿಂದೆ. ಸುಳ್ಳು ಯಾಕೆ ಹೇಳಲಿ, ರುಚಿಯಾಗಿತ್ತು. ಆ ಹೊತ್ತಿನಲ್ಲೇ ಗೋಡೆಯಾಚೆ ಹಲ್ಲು ಕಚ್ಚುವ ಸದ್ದು ಬರುತ್ತಿತ್ತು.

ನೀಲಾಂಬಿಕೆ ಅಂದು ಅಕ್ಕನಿಗೆ ಸ್ನಾನ ಮಾಡಿಸಿ, ಹೊಸ ಸೀರೆ ಉಡಿಸಿ, ಎಲ್ಲ ಹೇಳಿದಳು. ಮೇಘನಾಳ ಮಾತು, ತಾನು ಕೇಳಿಸಿಕೊಂಡದ್ದು, ಊರು ಹಿಡಿದದ್ದು, ಬರೆಯುವವನ ಉತ್ತರ. ಏನನ್ನೂ ಬಿಡಲಿಲ್ಲ. ಕಾಶೀಬಾಯಿ ತೊಲೆಯ ಕಡೆ ನೋಡುತ್ತ ಕೇಳಿದಳು.

"ಎಷ್ಟಂದಿ ಅವಂಗ?"

"ಇಪ್ಪತ್ತೆರಡು."

ಕಾಶೀಬಾಯಿಗೆ ಆಗ ಐವತ್ತೆಂಟು. ಅವಳು ಲೆಕ್ಕ ಹಾಕಿದಳೋ ಇಲ್ಲವೋ ತಿಳಿಯದು. ನೋವು ಬಂತು. ಮೈ ಬಿಲ್ಲಿನ ಹಾಗೆ ಬಾಗಿತು, ಸೆರಗು ಬಾಯಿಗೆ ಹೋಯಿತು. ನೀಲಾಂಬಿಕೆ ಅವಳನ್ನು ಅಪ್ಪಿ ಹಿಡಿದುಕೊಂಡಳು. ಎಷ್ಟೋ ಹೊತ್ತಿನ ಮೇಲೆ ಅದು ಇಳಿಯಿತು. ಮೈಯೆಲ್ಲ ಬೆವರು, ಹೊಸ ಸೀರೆ ಒದ್ದೆ.

"ಅಕ್ಕ, ಒಂದು ಮಾತು ನಡಸಿಕೊಡು" ಎಂದಳು ನೀಲಾಂಬಿಕೆ. "ನಂಗೂ ಅದನ್ನ ಹೇಳು."

"ಏನ?"

"ಉಪ್ಪಿನ ಚಂದ್ರ. ನಿನ್ನ ಬಾಯಿಂದ ಓದು ಅನ್ನು. ನಾ ನಿಂಗ ಓದಿ ಹೇಳೀನಿ, ಆದ್ರ ನಂಗ ಯಾರೂ ಹೇಳಿಲ್ಲ. ನನ್ನ ಕೈಯಾಗ ಈಗ ಬ್ಯಾರೇದೂ ಇಲ್ಲ. ಯಾರಾರ ಓದು ಅಂದು ಮೊದ್ಲನೇದು ನನ್ನ ಕಿವಿಗೆ ಹಾಕಿದ್ರ ಹತ್ತತೈತಿ. ಊರಾಗ ಇನ್ಯಾರೂ ನಂಗ ಹೇಳೂದಿಲ್ಲ, ನೀನೇ ಅನ್ನು. ನಾಳೆ ನಂಗೇನಾರ ಆಗಿ ನಾ ಮುಂದ ಹೋದ್ರ, ನಿನ್ನ ಹಾಸಿಗಿ ಹತ್ರ ಕುಂದ್ರೂವ್ರು ಯಾರು? ಮಾಂತ್ಯಾಗೂ ವಯಸ್ಸಾಗತೈತಿ. ಅವನೂ ಒಂದಿನ ಹೋಗತಾನ. ನೀ ಒಬ್ಬಾಕೀನ ಇರತಿ. ಅವಾ ಎಲ್ಲೀತನಕ ಬರೀತಾನೋ ಅಲ್ಲೀತನಕ ನಾನೂ ಇರತೀನಿ. ನಿನ್ನ ಈ ಗತಿಗೆ ತಂದಾಕಿ ನಾನು. ಓದು ಅಂತ ಒಂದ ಮಾತು ಅನ್ನಕ್ಕ."

ಕಾಶೀಬಾಯಿ ಅವಳ ಕಡೆ ತಿರುಗಿದಳು. ಬಾಗಿಲ ಮೇಲೆ ಕೈಯಿಟ್ಟು ನಿಂತ ಆ ಹುಡುಗಿಯ ಭಾಗವನ್ನು ಅವಳು ಎರಡೆರಡು ಸಲ ಓದಿಸಿಕೊಂಡಿದ್ದಳು. ನೋವಿನ ನಡುವೆಯೂ ಅದರ ಮಾತು ಬಂದರೆ ಅವಳ ಕಣ್ಣು ಹೊಳೆಯುತ್ತಿತ್ತು. ಒಣಗಿ ಸೀಳಿದ ತುಟಿಯನ್ನು ನಾಲಿಗೆಯಿಂದ ಒದ್ದೆ ಮಾಡಿಕೊಂಡಳು. ಆಮೇಲೆ ನೀಲಾಂಬಿಕೆಯ ಕೆನ್ನೆಯ ಮೇಲೆ ಕೈಯಿಟ್ಟು, ನಿಧಾನವಾಗಿ, ಬಿಡಿಸಿ ಬಿಡಿಸಿ ಹೇಳಿದಳು:

"ಅದು ಚಲೋ ಇಲ್ಲವಾ ನೀಲಾ. ಬರೇ ಸಪ್ಪಿ ಐತಿ. ನೀ ಓದಬ್ಯಾಡ."

ಹೇಳಿ ಗೋಡೆಯ ಕಡೆ ಹೊರಳಿದಳು. ಹೊರಳುವಾಗ ಎರಡೂ ಕೈಯಿಂದ ಹೊಟ್ಟೆ ಹಿಡಿದುಕೊಂಡಳು.